ಹಿಂದಣ ಕತೆಗೆ ಯಾರ ಮುಖ?

ಸಿನಿಮಾ ಗೆದ್ದರೆ ಅದರ ಮುಂದಿನ ಭಾಗ ಬರುವುದು ಹಳೆಯ ರೂಢಿ. ಹಿಂದಿನ ಭಾಗ ಬರುವುದು ಈಚಿನ ರೂಢಿ. ಕತೆ ಮುಗಿದ ಮೇಲೆ ಏನಾಯಿತು ಎಂಬುದನ್ನು ಬಿಟ್ಟು, ಕತೆ ಶುರುವಾಗುವ ಮೊದಲು ಏನಾಗಿತ್ತು ಎಂಬುದನ್ನು ಹೇಳುವ ಇಂಥ ಚಿತ್ರಕ್ಕೆ ಇಂಗ್ಲಿಷಿನವರು ‘ಪ್ರೀಕ್ವೆಲ್’ ಎನ್ನುತ್ತಾರೆ. ಕನ್ನಡದಲ್ಲಿ ಪೂರ್ವಕತೆ ಎಂದರೆ ಸಾಕು. 2025ರ ಅಕ್ಟೋಬರ್ 2ರಂದು ತೆರೆ ಕಂಡ ‘ಕಾಂತಾರ: ಚಾಪ್ಟರ್ 1’ ಕನ್ನಡದಲ್ಲಿ ಈ ಬಗೆಯ ಅತಿ ದೊಡ್ಡ ಪ್ರಯತ್ನ. 2022ರ ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ದ ಕತೆಗಿಂತ ನೂರಾರು ವರ್ಷ ಹಿಂದೆ, ಕದಂಬರ ಕಾಲಕ್ಕೆ ಹೋಗಿ ನಿಲ್ಲುವ ಚಿತ್ರ ಅದು.

ಮೊದಲ ಚಿತ್ರ ಕರಾವಳಿಯ ಕಾಡಂಚಿನದು. ಆದರೆ ಅದನ್ನು ಕೊಳ್ಳೇಗಾಲ, ಹನೂರು, ಯಳಂದೂರಿನ ಜನ ಪರವೂರಿನ ಕತೆ ಎಂದು ನೋಡಬೇಕಾಗಿರಲಿಲ್ಲ. ಕಾಡು ಯಾರದ್ದು, ದೇವರಿಗೆ ಬಿಟ್ಟ ನೆಲ ಯಾರದ್ದು, ಅರಣ್ಯ ಇಲಾಖೆಯ ಗಡಿಕಲ್ಲು ಎಲ್ಲಿಯವರೆಗೆ ಎಂಬ ಜಗಳ ಇಲ್ಲಿನವರಿಗೆ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕಿನ ಮಾನ್ಯತೆ ಸಿಕ್ಕಿದ್ದು 2011ರಲ್ಲಿ. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ತೆರೆಯ ಮೇಲೆ ಅರಣ್ಯಾಧಿಕಾರಿ ಬಂದು ನಿಂತಾಗ ಇಲ್ಲಿನ ಪ್ರೇಕ್ಷಕನಿಗೆ ಯಾರೂ ಟಿಪ್ಪಣಿ ಕೊಡಬೇಕಾಗಿಲ್ಲ.

ಪೂರ್ವಕತೆ ಬರುತ್ತದೆ ಎಂದು ಗೊತ್ತಾದ ದಿನದಿಂದ ಅಭಿಮಾನಿಗಳ ನಡುವೆ ಎರಡು ಪ್ರಶ್ನೆ ಎದ್ದವು. ನಿರ್ದೇಶಕ ಯಾರಾಗಬೇಕು? ಪಾತ್ರಕ್ಕೆ ಯಾರು ಬರಬೇಕು? ಮೊದಲ ಚಿತ್ರದಲ್ಲಿ ನಿರ್ದೇಶಕನೂ ನಾಯಕನೂ ಒಬ್ಬರೇ, ರಿಷಬ್ ಶೆಟ್ಟಿ. ಆ ಪಾತ್ರಕ್ಕೆ 2022ರ ಸಾಲಿನ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಅವರಿಗೇ ಬಂತು. 2024ರ ಆಗಸ್ಟಿನಲ್ಲಿ ಅದು ಪ್ರಕಟವಾಯಿತು. ಹಾಗಿರುವಾಗ ಬೇರೊಬ್ಬರು ನಿರ್ದೇಶಿಸುವ ಮಾತೇ ಬರಲಿಲ್ಲ. ಆದರೂ ಚರ್ಚೆ ನಿಲ್ಲಲಿಲ್ಲ. ಸಣ್ಣ ಊರಿನ ಸಣ್ಣ ಕತೆ ಹೇಳಿ ಗೆದ್ದವರು ಅರಮನೆ, ಸೈನ್ಯ, ಯುದ್ಧ ಎಂದು ಹೊರಟರೆ ಮೊದಲಿನ ಮಣ್ಣಿನ ವಾಸನೆ ಉಳಿದೀತೆ ಎಂಬುದು ಒಂದು ಕಡೆಯವರ ಅನುಮಾನ. ಆ ಮಣ್ಣಿನವರ ಕೈಯಲ್ಲೇ ಇದ್ದರೆ ಮಾತ್ರ ಉಳಿದೀತು ಎಂಬುದು ಇನ್ನೊಂದು ಕಡೆಯವರ ನಂಬಿಕೆ. ಎರಡೂ ಪೂರ್ತಿ ಸುಳ್ಳಲ್ಲ.

ಪಾತ್ರವರ್ಗದ ಮಾತು ಇನ್ನೂ ಬಿಸಿ. ಮೊದಲ ಚಿತ್ರದ ನಾಯಕಿ ಸಪ್ತಮಿ ಗೌಡ ಇಲ್ಲಿಲ್ಲ, ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದಿಂದ ಮನೆಮಾತಾದ ರುಕ್ಮಿಣಿ ವಸಂತ್ ರಾಜಕುಮಾರಿ ಕನಕವತಿಯಾಗಿ ಬಂದರು. ಮಲಯಾಳದ ಜಯರಾಮ್ ರಾಜನಾದರು. ಹಿಂದಿ ಚಿತ್ರಗಳಲ್ಲಿ ಹೆಸರು ಮಾಡಿದ ಬೆಂಗಳೂರಿನ ಗುಲ್ಶನ್ ದೇವಯ್ಯ ಯುವರಾಜ ಕುಲಶೇಖರನಾದರು. ನೂರಾರು ವರ್ಷ ಹಿಂದಿನ ಕತೆಗೆ ಹೊಸ ನಾಯಕಿ ಬರುವುದು ನ್ಯಾಯವೇ. ಮೊದಲಿನವಳು ಆಗಿನ್ನೂ ಹುಟ್ಟಿಯೇ ಇರಲಿಲ್ಲವಲ್ಲ! ಆದರೆ ಅದೇ ತರ್ಕ ನಾಯಕನಿಗೆ ಅನ್ವಯಿಸಲಿಲ್ಲ. ಕಾಡುಬೆಟ್ಟು ಶಿವನ ಮುಖವೇ ಶತಮಾನಗಳ ಹಿಂದಿನ ಬೆರ್ಮೆಯ ಮುಖವೂ ಆಯಿತು. ವಿಚಿತ್ರವೆಂದರೆ ಇದಕ್ಕೆ ಅಭಿಮಾನಿಗಳಿಂದ ದೊಡ್ಡ ಆಕ್ಷೇಪವೇ ಬರಲಿಲ್ಲ. ಹೆಣ್ಣಿನ ಮುಖ ಬದಲಾದರೆ ಸಹಜ, ಗಂಡಿನ ಮುಖ ಬದಲಾದರೆ ದ್ರೋಹ ಎಂಬ ಲೆಕ್ಕ ನಮ್ಮ ಚಿತ್ರರಂಗದಲ್ಲಿ ಮೊದಲಿನಿಂದಲೂ ನಡೆದು ಬಂದಿದೆ.

ಮುಖದ ಪ್ರಶ್ನೆ ಮನುಷ್ಯ ಪಾತ್ರಗಳಿಗೇ ನಿಲ್ಲಲಿಲ್ಲ. ತುಳುನಾಡಿನಲ್ಲಿ ಪಂಜುರ್ಲಿ, ಗುಳಿಗರ ಕೋಲ ಕಟ್ಟುವ ಹಕ್ಕು ಪಂಬದ, ಪರವ, ನಲಿಕೆ ಸಮುದಾಯಗಳದು. ತಲೆಮಾರಿನಿಂದ ಬಂದ ಆ ಹಕ್ಕಿಗೆ ಕಟ್ಟುನಿಟ್ಟಿನ ನಿಯಮಗಳಿವೆ. ನಟನೊಬ್ಬ ಬಣ್ಣ ಹಚ್ಚಿ, ಅಣಿ ಕಟ್ಟಿ ದೈವವಾಗಬಹುದೇ ಎಂದು ಅಲ್ಲಿನವರು ಕೇಳಿದರು. ಪೂರ್ವಕತೆ ಬಿಡುಗಡೆಯಾದ ಮೇಲೆ ಕೆಲವು ಪ್ರೇಕ್ಷಕರು ದೈವದ ವೇಷದಲ್ಲೇ ಚಿತ್ರಮಂದಿರಕ್ಕೆ ಬಂದು ಕುಣಿದದ್ದು ವಿವಾದಕ್ಕೆ ತುಪ್ಪ ಸುರಿಯಿತು. ಹಾಗೆ ಮಾಡಬೇಡಿ ಎಂದು ನಿರ್ಮಾಪಕರಾದ ಹೊಂಬಾಳೆ ಫಿಲ್ಮ್ಸ್‌ನವರೇ 2025ರ ಅಕ್ಟೋಬರಿನಲ್ಲಿ ಮನವಿ ಹೊರಡಿಸಬೇಕಾಯಿತು. ಚಿತ್ರ ಕೊಟ್ಟ ಮುಖವನ್ನು ಅಭಿಮಾನಿ ತನ್ನದೆಂದು ಎತ್ತಿಕೊಂಡು ಹೊರಟಾಗ ಅದನ್ನು ವಾಪಸು ಕೇಳುವುದು ಸುಲಭದ ಕೆಲಸವಲ್ಲ.

ಇಂಥ ರಂಪ ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಕಿಲ್ಲ. ‘ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರು ಚಿತ್ರಗಳನ್ನು 2001ರಿಂದ 2003ರವರೆಗೆ ಕೊಟ್ಟ ಪೀಟರ್ ಜಾಕ್ಸನ್‌ಗೂ ನಿರ್ಮಾಣ ಸಂಸ್ಥೆಗೂ ಲೆಕ್ಕಪತ್ರದ ವಿಷಯದಲ್ಲಿ ಮೊಕದ್ದಮೆ ನಡೆಯಿತು. ಹೀಗಾಗಿ ಅದರ ಪೂರ್ವಕತೆ ‘ದಿ ಹಾಬಿಟ್’ ಅವರ ಕೈತಪ್ಪುವಂತಾದಾಗ ಅಭಿಮಾನಿಗಳು ಸಿಡಿದೆದ್ದರು. ಕೊನೆಗೆ ರಾಜಿಯಾಗಿ, ಮೆಕ್ಸಿಕೊದ ಗಿಲ್ಲೆರ್ಮೊ ದೆಲ್ ತೊರೊ ನಿರ್ದೇಶಕರೆಂದು ಗೊತ್ತಾಯಿತು. ಕೆಲಸ ಎಳೆದೂ ಎಳೆದೂ 2010ರಲ್ಲಿ ಅವರು ಬಿಟ್ಟುಹೋದರು, ಜಾಕ್ಸನ್ನರೇ ಮರಳಿ ಬಂದು ಕುಳಿತರು. ‘ಸ್ಟಾರ್ ವಾರ್ಸ್’ ಕತೆ ಇದಕ್ಕಿಂತ ಕ್ರೂರ. 1999ರ ಪೂರ್ವಕತೆಯಲ್ಲಿ ಖಳನಾಯಕನ ಬಾಲ್ಯದ ಪಾತ್ರ ಮಾಡಿದ್ದು ಜೇಕ್ ಲಾಯ್ಡ್ ಎಂಬ ಎಳೆಯ ಹುಡುಗ. ಕಪ್ಪು ಮುಖವಾಡದ ಆ ಖಳನನ್ನು ಇಪ್ಪತ್ತು ವರ್ಷ ಮನಸ್ಸಿನಲ್ಲಿ ಬೆಳೆಸಿಕೊಂಡಿದ್ದವರಿಗೆ ಈ ಮುದ್ದು ಮುಖ ಸಹಿಸಲಾಗಲಿಲ್ಲ. ಶಾಲೆಯಲ್ಲಿ ಗೇಲಿಗೆ ಒಳಗಾದುದನ್ನು ಮುಂದೆ ಆತನೇ ಹೇಳಿಕೊಂಡ. ಪೂರ್ವಕತೆಯ ತೊಡಕು ಇರುವುದೇ ಇಲ್ಲಿ. ಮುಂದಿನ ಕತೆಯಾದರೆ ಪ್ರೇಕ್ಷಕನಿಗೆ ಏನೂ ಗೊತ್ತಿರುವುದಿಲ್ಲ. ಹಿಂದಿನ ಕತೆಯನ್ನು ಅವನು ಆಗಲೇ ತನ್ನ ತಲೆಯಲ್ಲಿ ಕಟ್ಟಿಕೊಂಡಿರುತ್ತಾನೆ, ಪಾತ್ರಗಳನ್ನೂ ಹಂಚಿಬಿಟ್ಟಿರುತ್ತಾನೆ.

ಮುಖ ಗಟ್ಟಿಯಾದರೆ ಎಷ್ಟು ಗಟ್ಟಿಯಾಗುತ್ತದೆ ಎಂಬುದಕ್ಕೆ ಕೊಳ್ಳೇಗಾಲ ಸೀಮೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು ಎಂಬ ಹೆಸರಿನ ಮೊದಲ ಪದ ಕೊಳ್ಳೇಗಾಲ ತಾಲ್ಲೂಕಿನ ಊರು. ಅವರು 1929ರಲ್ಲಿ ಹುಟ್ಟಿದ ಗಾಜನೂರು ಈಗ ತಮಿಳುನಾಡಿಗೆ ಸೇರಿದೆ. ಆಗ ಕೊಳ್ಳೇಗಾಲವೂ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು, 1956ರಲ್ಲಿ ಈ ಕಡೆ ಬಂತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ‘ಬೇಡರ ಕಣ್ಣಪ್ಪ’ ತೆಗೆದಾಗ ಕಂಪನಿ ನಾಟಕದ ಈ ಹುಡುಗನನ್ನು ಆರಿಸಿ ‘ರಾಜಕುಮಾರ್’ ಎಂದು ಹೆಸರಿಟ್ಟರು. ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡ ಹೇಗಿದ್ದ ಎಂದು ಅದಕ್ಕೆ ಮೊದಲು ಯಾರಿಗೂ ಗೊತ್ತಿರಲಿಲ್ಲ. ಅಂದಿನಿಂದ ಎಲ್ಲರಿಗೂ ಗೊತ್ತು. ಮುಂದೆ ರಾವಣ, ಮಹಿಷಾಸುರ, ಕೃಷ್ಣದೇವರಾಯ, ಹಿರಣ್ಯಕಶಿಪು ಎಲ್ಲರಿಗೂ ಕನ್ನಡಿಗರ ಮನಸ್ಸಿನಲ್ಲಿ ಒಂದೇ ಮುಖ ಆಯಿತು. ‘ಬಭ್ರುವಾಹನ’ (1977) ಚಿತ್ರದಲ್ಲಿ ಹುಣಸೂರು ಕೃಷ್ಣಮೂರ್ತಿಯವರು ಅಪ್ಪ ಅರ್ಜುನನನ್ನೂ ಮಗ ಬಭ್ರುವಾಹನನನ್ನೂ ಅವರಿಂದಲೇ ಮಾಡಿಸಿ ಎದುರು ಬದುರು ನಿಲ್ಲಿಸಿದರು. ಪೀಳಿಗೆಗೆಲ್ಲ ಒಂದೇ ಮುಖ ಎಂಬ ‘ಕಾಂತಾರ’ದ ಉಪಾಯದ ಬೇರು ಇಲ್ಲೆಲ್ಲೋ ಇದೆ. ‘ಅಭಿಮಾನಿ ದೇವರುಗಳು’ ಎಂದು ರಾಜಕುಮಾರ್ ಕರೆದ ಜನ ಆ ಮುಖವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ಸುಲಭವಾಗಿ ಒಪ್ಪಲಿಲ್ಲ.

ಆದರೆ ಇದೇ ಸೀಮೆಯಲ್ಲಿ ಇನ್ನೊಂದು ಪದ್ಧತಿಯೂ ಇದೆ. ಸಿನಿಮಾಕ್ಕಿಂತ ಬಹಳ ಹಳೆಯದು. ಅಲ್ಲಿ ಪೂರ್ವಕತೆಗೆ ಪಾತ್ರ ಹಂಚುವ ತಲೆನೋವೇ ಇಲ್ಲ.

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಮಾದೇವನ ಕತೆಯನ್ನು ಹಾಡುವವರು ದೇವರಗುಡ್ಡರು. ಅವರ ಕೈಯಲ್ಲಿ ಕಂಸಾಳೆ. ಅದು ಕಂಚಿನ ಜೋಡಿ ತಾಳ, ಒಂದು ಬಟ್ಟಲಿನಂತೆ, ಇನ್ನೊಂದು ಚಪ್ಪಟೆ. ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಪುಷ್ಯದ ಹುಣ್ಣಿಮೆಗೆ ಚಂದ್ರಮಂಡಲ ಹೊತ್ತಿಸಿ ಐದು ದಿನ ಜಾತ್ರೆ ನಡೆಸುವ ಸಿದ್ದಪ್ಪಾಜಿಯ ಒಕ್ಕಲಿಗೆ ಹಾಡುವವರು ನೀಲಗಾರರು. ಅವರದು ತಂಬೂರಿ, ಗಗ್ಗರ, ದಮ್ಮಡಿ. ಅವರ ಕತೆ ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರದು. ಎರಡೂ ಕಾವ್ಯ ಎಷ್ಟು ದೊಡ್ಡವೆಂದರೆ ಒಂದು ರಾತ್ರಿಗೆ ಮುಗಿಯುವ ಮಾತಿಲ್ಲ. ಅದಕ್ಕೇ ಅವನ್ನು ‘ಸಾಲು’ಗಳಾಗಿ ಹಾಡುತ್ತಾರೆ: ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಶ್ರವಣ ದೊರೆಯ ಸಾಲು ಹೀಗೆ. ಯಾವ ರಾತ್ರಿ ಯಾವ ಸಾಲು ಎಂಬುದು ಹಾಡಿಸುವವರ ಇಷ್ಟ. ಕೇಳುಗ ನಡುವಿನದನ್ನು ಮೊದಲು ಕೇಳಿರುತ್ತಾನೆ, ಮಾದೇವ ಹುಟ್ಟಿದ ಕತೆಯನ್ನು ಎಷ್ಟೋ ವರ್ಷದ ಮೇಲೆ ಇನ್ನಾವುದೋ ಹಟ್ಟಿಯ ಮುಂದೆ ಕೇಳುತ್ತಾನೆ. ಇಲ್ಲಿ ಎಲ್ಲ ಕತೆಯೂ ಯಾರಿಗಾದರೂ ಪೂರ್ವಕತೆಯೇ.

ಸಂಕಮ್ಮನ ಸಾಲನ್ನು ನೋಡಿ. ಆಕೆ ಸೋಲಿಗರ ನೀಲೇಗೌಡನ ಹೆಂಡತಿ. ಜೇನು ಕುಯ್ಯಲು ಕಾಡಿಗೆ ಹೊರಟ ಗಂಡ, ತಾನಿಲ್ಲದಾಗ ನಡತೆ ತಪ್ಪುವುದಿಲ್ಲ ಎಂದು ಭಾಷೆ ಕೊಡು ಎಂದು ಹಟ ಹಿಡಿಯುತ್ತಾನೆ. ನಂಬಿಕೆ ಇಲ್ಲದವನಿಗೆ ಭಾಷೆ ಯಾಕೆ ಕೊಡಲಿ ಎಂದು ಆಕೆ ಒಪ್ಪುವುದಿಲ್ಲ. ಅವನು ಕೊಡಬಾರದ ಹಿಂಸೆ ಕೊಟ್ಟು ಹೋಗುತ್ತಾನೆ. ಮಾದೇವ ಬಂದು ಆಕೆಗೆ ಕಾರಯ್ಯ, ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳ ವರ ಕೊಡುತ್ತಾನೆ. ಇಷ್ಟು ಕತೆಯನ್ನು ಒಬ್ಬ ಮುಂದಾಳು ಹಾಡುಗಾರ ಹಾಡುತ್ತಾನೆ, ಹಿಂದಿನವರು ಸೊಲ್ಲು ಎತ್ತುತ್ತಾರೆ. ಮೀಸೆ ಬಿಟ್ಟ ಗಂಡಸೇ ಸಂಕಮ್ಮನಾಗಿ ಅಳುತ್ತಾನೆ, ಮರುಗಳಿಗೆ ನೀಲೇಗೌಡನಾಗಿ ಅಬ್ಬರಿಸುತ್ತಾನೆ, ಕಂಸಾಳೆ ಒಮ್ಮೆ ಜೋರಾಗಿ ಬಡಿದು ದೇವರಾಗುತ್ತಾನೆ. ಕೇಳುವ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಸಂಕಮ್ಮ ಹೀಗಿರಲಿಲ್ಲ ಎಂದು ಯಾರೂ ತಕರಾರು ಎತ್ತುವುದಿಲ್ಲ, ಯಾಕೆಂದರೆ ಅವಳು ಹೇಗಿದ್ದಳು ಎಂದು ಹಾಡುಗಾರ ತೋರಿಸಿಯೇ ಇಲ್ಲ. ನೂರು ಜನ ಕುಳಿತಿದ್ದರೆ ನೂರು ಸಂಕಮ್ಮ.

ಕನ್ನಡದ ಹಳೆಯ ಕಾವ್ಯಕ್ಕೂ ಈ ಧೈರ್ಯ ಇತ್ತು. ಪಂಪ 941ರಲ್ಲಿ ಬರೆದ ‘ಆದಿಪುರಾಣ’ದಲ್ಲಿ ಆದಿತೀರ್ಥಂಕರನ ಕತೆಗಿಂತ ಮೊದಲು ಅವನ ಹಿಂದಿನ ಜನ್ಮಗಳ ಸಾಲೇ ಬರುತ್ತದೆ. ಒಂದು ಜನ್ಮದಲ್ಲಿ ಮಹಾಬಲ, ಇನ್ನೊಂದರಲ್ಲಿ ಲಲಿತಾಂಗ, ಮತ್ತೊಂದರಲ್ಲಿ ವಜ್ರಜಂಘ. ಜೀವ ಒಂದೇ, ದೇಹ ಪ್ರತಿ ಸಲ ಹೊಸದು. ಮುಖ ಬದಲಾಯಿತೆಂದು ಓದುಗ ಕೋಪಿಸಿಕೊಂಡಂತಿಲ್ಲ.

ಹಾಗಾದರೆ ಈ ಸೀಮೆಯಲ್ಲಿ ಜಗಳವೇ ಇಲ್ಲವೇ? ಇದೆ. ಅದು ಯಾರು ಹೇಳಬೇಕು ಎಂಬುದರ ಸುತ್ತ, ಹುಟ್ಟಿನ ಕತೆ ಯಾವುದು ಎಂಬುದರ ಸುತ್ತ. ದೇವರಗುಡ್ಡನಾಗಲು ಹರಕೆ ಇರಬೇಕು, ಗುರುವಿನಿಂದ ದೀಕ್ಷೆಯಾಗಬೇಕು. ನೀಲಗಾರನಿಗೂ ಹಾಗೆಯೇ. ಕಂಠ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಯಾರೂ ತಂಬೂರಿ ಎತ್ತಿಕೊಳ್ಳುವಂತಿಲ್ಲ. ಸಿನಿಮಾದವರ ಭಾಷೆಯಲ್ಲಿ ಹೇಳುವುದಾದರೆ, ಪಾತ್ರವರ್ಗದ ವಿಷಯದಲ್ಲಿ ಪೂರ್ತಿ ಸಡಿಲ, ನಿರ್ದೇಶಕನ ವಿಷಯದಲ್ಲಿ ಬಲು ಬಿಗಿ.

ಹುಟ್ಟಿನ ಕತೆಯ ವಿಷಯ ಇನ್ನೂ ಸೂಕ್ಷ್ಮ. ಮಾದೇವ ಉತ್ತರಾಜಮ್ಮನ ಮಗನಾಗಿ ಬಂದು, ಸುತ್ತೂರು ಮಠದಲ್ಲಿ ರಾಗಿ ಬೀಸಿ, ಕುಂತೂರು ಮಠದಲ್ಲಿ ಗುರುವಿನ ಬಳಿ ಇದ್ದು, ಆಮೇಲೆ ಏಳುಮಲೆಗೆ ನಡೆದ ಎಂಬುದು ಹಾಡಿನ ಹಾದಿ. ಕುಂತೂರು ಇಲ್ಲೇ ಇದೆ, ದೂರದ ಊರಲ್ಲ. ಆದರೆ ಆ ತಾಯಿಯ ಕುಲ ಯಾವುದು, ಮಗು ಹುಟ್ಟಿದ್ದು ಹೇಗೆ ಎಂಬುದು ಹಾಡುಗಾರನಿಂದ ಹಾಡುಗಾರನಿಗೆ ಬದಲಾಗುತ್ತದೆ. ದಲಿತ ಕೇರಿಯ ಮಾದಪ್ಪನಿಗೂ ಮಠದ ಪುಸ್ತಕದ ಮಹದೇಶ್ವರನಿಗೂ ಹುಟ್ಟು ಒಂದೇ ಅಲ್ಲ. ಪಿ.ಕೆ. ರಾಜಶೇಖರ, ಕೇಶವನ್ ಪ್ರಸಾದ್ ಮೊದಲಾದವರು ಸಂಗ್ರಹಿಸಿ ಅಚ್ಚು ಹಾಕಿಸಿದ ಪಾಠಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಹತ್ತು ಬಾಯಿಯಲ್ಲಿ ಹತ್ತು ರೀತಿ ಇದ್ದರೂ ಹತ್ತೂ ಬದುಕಿವೆ. ಯಾರ ಹಟ್ಟಿಯಲ್ಲಿ ಹಾಡುತ್ತಾರೋ ಅಲ್ಲಿ ಅದೇ ನಿಜ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನದೂ ಇದೇ ಬಗೆ. ದೇವಸ್ಥಾನದ ಅರ್ಚನೆಯಲ್ಲಿ ಅವನು ರಂಗನಾಥ. ಕಾಡಿನ ಪೋಡುಗಳಲ್ಲಿ ಅವನು ಸೋಲಿಗರ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನು, ಹಾಗಾಗಿ ಇಡೀ ಸೋಲಿಗರ ಕುಲಕ್ಕೆ ಭಾವ. ತಪ್ಪಲಿನ ಬೂದಿತಿಟ್ಟಿನ ದಲಿತರು ಅವನಿಗೆ ತೊಗಲಿನ ದೊಡ್ಡ ಚಮ್ಮಾವುಗೆ ಮಾಡಿಕೊಡುತ್ತಾರೆ. ಕಾಡು ಸುತ್ತುವ ದೇವರಿಗೆ ಮೆಟ್ಟು ಸವೆಯುತ್ತದಲ್ಲ! ಅರ್ಚಕನ ರಂಗನಾಥನೂ ಭಾವ ರಂಗಯ್ಯನೂ ಒಂದೇ ಬೆಟ್ಟದ ಮೇಲೆ ಇದ್ದಾರೆ. ಇವರಲ್ಲಿ ಯಾರು ಅಸಲು ಎಂದು ತೀರ್ಪು ಕೊಡುವ ಕಷ್ಟ ಇದುವರೆಗೆ ಯಾರಿಗೂ ಬಂದಿಲ್ಲ.

ತೆರೆಗೆ ತರಲು ಹೊರಟರೆ ಆ ಕಷ್ಟ ಬರುತ್ತದೆ. ಕ್ಯಾಮೆರಾ ಹತ್ತು ಹುಟ್ಟುಗಳನ್ನು ತೋರಿಸಲಾರದು, ಒಂದನ್ನು ಆರಿಸಿಕೊಳ್ಳಬೇಕು. ರಂಗಭೂಮಿಯಲ್ಲಿ ಎಚ್.ಎಸ್. ಶಿವಪ್ರಕಾಶ್ ‘ಮಾದಾರಿ ಮಾದಯ್ಯ’ ಬರೆದಾಗ ತಮ್ಮ ಆಯ್ಕೆಯನ್ನು ಹೆಸರಿನಲ್ಲೇ ಹೇಳಿಬಿಟ್ಟರು. ಅವರದೇ ‘ಮಂಟೇಸ್ವಾಮಿ ಕಥಾಪ್ರಸಂಗ’ವೂ ಇದೆ. ನಾಟಕವಾದ್ದರಿಂದ ಪ್ರತಿ ತಂಡಕ್ಕೂ ಬೇರೆ ಮಾದಯ್ಯ, ಬೇರೆ ಮಂಟೇಸ್ವಾಮಿ. ಮುಖ ಅಂಟಿಕೊಳ್ಳಲಿಲ್ಲ. ನಾಗಾಭರಣರ ‘ಜನುಮದ ಜೋಡಿ’ (1996) ಈ ಸೀಮೆಯ ಪದವನ್ನು ನಾಡಿಗೆಲ್ಲ ಮುಟ್ಟಿಸಿತು, ದೇವರ ಮುಖದ ತಂಟೆಗೆ ಹೋಗಲಿಲ್ಲ. ‘ಉಘೇ ಉಘೇ ಮಾದೇಶ್ವರ’ ಧಾರಾವಾಹಿ ಝೀ ಕನ್ನಡದಲ್ಲಿ ಬಂದ ಮೇಲೆ ಮಾತ್ರ ಮನೆಮನೆಯ ಟಿ.ವಿ.ಯಲ್ಲಿ ಮಾದೇವನಿಗೆ ಬಾಲ್ಯದ ಮುಖ ಒಂದು, ಯೌವನದ ಮುಖ ಒಂದು ಆಯಿತು. ತಾಯಿ ಉತ್ತರಾಜಮ್ಮನಿಗೂ ಒಂದು ಮುಖ, ಒಂದು ಬಗೆಯ ಸೀರೆ, ಒಂದು ಬಗೆಯ ಮನೆ ಬಂತು. ನೋಡಿ ಬೆಳೆದ ಮಕ್ಕಳಿಗೆ ಅಜ್ಜಿ ಕೇಳಿದ್ದ ಉತ್ತರಾಜಮ್ಮ ತಪ್ಪು ಎನಿಸಿದರೆ ಆಶ್ಚರ್ಯವಿಲ್ಲ.

‘ಕಾಂತಾರ’ದ ಗೆಲುವಿನ ಮೇಲೆ ನಾಡಿನ ಮೂಲೆ ಮೂಲೆಯ ದೈವ, ಬೆಟ್ಟ, ಕಾಡುಗಳ ಮೇಲೆ ಚಿತ್ರರಂಗದ ಕಣ್ಣು ಬಿದ್ದಿದೆ. ಹುಲಿ ಏರಿ ಬರುವ ದೇವರು, ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣ ದೊರೆ, ಏಳುಮಲೆ ಎಪ್ಪತ್ತೇಳು ಮಲೆಯ ಕಾಡು ಇರುವಲ್ಲಿಗೆ ದೊಡ್ಡ ಬಂಡವಾಳ ಬಾರದೆ ಇರಲಿಕ್ಕಿಲ್ಲ. ಬಂದ ದಿನ ಅಭಿಮಾನಿಗಳು ಮಾದೇವನ ಪಾತ್ರ ಯಾರಿಗೆ ಎಂದು ಬಣಬಣವಾಗಿ ಕಾದಾಡುತ್ತಾರೆ. ಕಾದಾಡಲಿ, ಅದು ಅವರ ಪ್ರೀತಿ. ಆದರೆ ಅದಕ್ಕಿಂತ ಮುಂಚಿನ ಎರಡು ಪ್ರಶ್ನೆ ಕೇಳುವವರು ಕಡಿಮೆ. ಯಾರ ಬಾಯಿಯ ಹುಟ್ಟಿನ ಕತೆಯನ್ನು ಆರಿಸಿಕೊಂಡಿರಿ? ಆ ಹಾಡುಗಾರನ ಹೆಸರು ಪರದೆಯ ಮೇಲೆ ಎಲ್ಲಿ, ಎಷ್ಟು ದೊಡ್ಡ ಅಕ್ಷರದಲ್ಲಿ ಬರುತ್ತದೆ? ಜನಪದರ ಆಸ್ತಿ ಎಂದರೆ ಯಾರ ಆಸ್ತಿಯೂ ಅಲ್ಲ ಎಂದು ತಿಳಿಯುವುದು ಸಿನಿಮಾದವರಿಗೆ ಹಳೆಯ ಚಾಳಿ.

ಮಂಟೇಸ್ವಾಮಿಯ ಪಾತ್ರಕ್ಕಂತೂ ನಟನನ್ನು ಹುಡುಕುವವರ ಪಾಡು ದೇವರಿಗೇ ಪ್ರೀತಿ. ನೀಲಗಾರರ ಕತೆಯಲ್ಲಿ ಅವನು ಕಲ್ಯಾಣಕ್ಕೆ ಬರುವುದು ಮೈಯೆಲ್ಲ ನಾರುವ ಭಿಕ್ಷುಕನಾಗಿ. ಬಾಗಿಲಲ್ಲಿ ತಡೆಯುತ್ತಾರೆ, ಶರಣರು ಮೂಗು ಮುಚ್ಚಿಕೊಳ್ಳುತ್ತಾರೆ, ಬಸವಣ್ಣ ಒಬ್ಬನೇ ಗುರುತು ಹಿಡಿಯುತ್ತಾನೆ. ಯಾರೂ ಗುರುತಿಸಲಾಗದ ದೇವರ ಪಾತ್ರವನ್ನು, ಎಲ್ಲರೂ ಗುರುತಿಸುವ ನಾಯಕನಟನಿಗೆ ಕೊಟ್ಟರೆ ಹೇಗೆ? ಅವನು ಬಾಗಿಲಿಗೆ ಬಂದ ಕೂಡಲೇ ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುತ್ತದೆ. ಕಲ್ಯಾಣದವರಿಗೆ ಗೊತ್ತಾಗದ್ದು ಪ್ರೇಕ್ಷಕನಿಗೆ ಮೊದಲೇ ಗೊತ್ತಾಗಿಬಿಡುತ್ತದೆ.

ಮಲೆ ಮಹದೇಶ್ವರ ಬೆಟ್ಟದಲ್ಲಿ 2023ರ ಮಾರ್ಚಿನಲ್ಲಿ 108 ಅಡಿಯ ಪ್ರತಿಮೆ ಲೋಕಾರ್ಪಣೆಯಾಯಿತು. ಹುಲಿಯ ಮೇಲೆ ಕುಳಿತ ಮಾದೇವನ ಆ ಮುಖ ದೂರದಿಂದಲೇ ಕಾಣುತ್ತದೆ. ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಬೆಟ್ಟ ಹತ್ತುವವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬೆಟ್ಟದ ಹಾದಿಯಲ್ಲಿ ಕಂಸಾಳೆ ಹಿಡಿದು ಕುಳಿತ ದೇವರಗುಡ್ಡನೂ ಸಿಗುತ್ತಾನೆ. ಅವನು ಹಾಡಲು ತೊಡಗಿದಾಗ ಎದುರಿಗೆ ಕುಳಿತವರಲ್ಲಿ ಎಷ್ಟೋ ಮಂದಿ ಕಣ್ಣು ಮುಚ್ಚಿಕೊಂಡಿರುತ್ತಾರೆ.